ಊರಿಗೆ ಹೊರಟ ಉಲಿಯಕ್ಕಿ

ನಂದಿ ಬೆಟ್ಟದ ಮೇಲೆ ಶನಿವಾರ ಸಂಜೆ ನಾಲ್ಕು ಗಂಟೆ. ನೇರಳೆ ಮರವೊಂದರ ಕೆಳಗೆ ಹತ್ತೊಂಬತ್ತು ಮಂದಿ ಕತ್ತು ಮೇಲೆತ್ತಿ, ಉಸಿರು ಬಿಗಿಹಿಡಿದು ನಿಂತಿದ್ದರು. ಎಲ್ಲರ ಕೊರಳಲ್ಲೂ ದುರ್ಬೀನು. ಟಿಪ್ಪು ಡ್ರಾಪಿನ ಕಡೆಗೆ ಹೊರಟಿದ್ದ ಕುಟುಂಬವೊಂದು ಈ ದೃಶ್ಯ ಕಂಡು ಗಕ್ಕನೆ ನಿಂತಿತು.

"ಏನ್ ಸಾರ್, ಚಿರತೆನಾ?" ಮನೆಯ ಯಜಮಾನರು ಪಿಸುದನಿಯಲ್ಲಿ ಕೇಳಿದರು.

"ಅಲ್ಲ, ಹಕ್ಕಿ."

"ಎಲ್ಲಿ?"

"ಅಗೋ, ಎಡಗಡೆ ಕೊಂಬೆ ತುದೀಲಿ ಒಂದು ಎಲೆ ಅಲ್ಲಾಡ್ತಿದೆಯಲ್ಲ, ಅದೇ."

ಯಜಮಾನರು ಒಂದು ನಿಮಿಷ ನೋಡಿದರು. "ಬರೀ ಎಲೆ ಸಾರ್" ಎಂದು ಮಕ್ಕಳನ್ನು ಕರೆದುಕೊಂಡು ನಡೆದೇಬಿಟ್ಟರು.

ಅವರ ಮಾತಿನಲ್ಲಿ ತಪ್ಪೇನಿಲ್ಲ. ಎಲೆ ಉಲಿಯಕ್ಕಿಗಳನ್ನು ಮೊದಲ ಬಾರಿ ನೋಡುವವರಿಗೆಲ್ಲ ಆಗುವ ಅನುಭವ ಅದೇ. ಮೈಯೆಲ್ಲ ಎಲೆಯ ಹಸಿರು, ಹೊಟ್ಟೆ ಮಾಸಿದ ಬಿಳುಪು, ಕಣ್ಣಿನ ಮೇಲೊಂದು ತೆಳು ಹುಬ್ಬಿನ ಗೆರೆ. ಗುಬ್ಬಚ್ಚಿಗಿಂತ ಚಿಕ್ಕದು. ತೂಕ ಎಂಟು ಗ್ರಾಮಿನ ಆಸುಪಾಸು, ಎಂದರೆ ಹತ್ತು ರೂಪಾಯಿಯ ಒಂದು ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡಂತೆ. ಒಂದು ಕ್ಷಣವೂ ನಿಂತಲ್ಲಿ ನಿಲ್ಲದು. ಎಲೆಯ ಅಡಿಯ ಹುಳುವನ್ನು ಹೆಕ್ಕಿ, ರೆಕ್ಕೆ ಪಟಕ್ಕನೆ ಬಿಡಿಸಿ, ಮುಂದಿನ ಎಲೆಗೆ ನೆಗೆಯುತ್ತದೆ. ಬೆಂಗಳೂರಿನ ಪಕ್ಷಿ ವೀಕ್ಷಕರ ಬಳಗವೊಂದು ಇದಕ್ಕಾಗಿಯೇ ಶನಿವಾರ, ಭಾನುವಾರ ಎರಡು ದಿನ ಬಿಡುವು ಮಾಡಿಕೊಂಡು ಬಂದಿತ್ತು. ಯುಗಾದಿ ಕಳೆದಿತ್ತು. ಸೆಪ್ಟೆಂಬರಿನಿಂದ ದಕ್ಷಿಣದಲ್ಲಿ ಚಳಿಗಾಲ ಕಳೆದ ಈ ಹಕ್ಕಿಗಳು ಏಪ್ರಿಲ್ ಮುಗಿಯುವುದರೊಳಗೆ ಉತ್ತರಕ್ಕೆ ಹೊರಟುಬಿಡುತ್ತವೆ. ಬೀಳ್ಕೊಡಲು ಇದೇ ಸರಿಯಾದ ಸಮಯ.

ನಂದಿ ಬೆಟ್ಟವೆಂದರೆ ಬೆಂಗಳೂರಿನವರಿಗೆ ಬೆಳಗಿನ ಮಂಜು, ಬಿಸಿ ಬೋಂಡಾ, ವಾಪಸ್ಸು ಬರುವಾಗ ವಾಹನಗಳ ಸಾಲು. ರಾಜಧಾನಿಯಿಂದ ಸುಮಾರು 60 ಕಿಲೋಮೀಟರು. ಎತ್ತರ 1,478 ಮೀಟರು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಸೋತ ಟಿಪ್ಪುವಿನ ಕೋಟೆ, 1927 ಮತ್ತು 1936ರಲ್ಲಿ ಗಾಂಧೀಜಿ ಬಂದು ವಿಶ್ರಮಿಸಿದ ನೆನಪು, ಬುಡದಲ್ಲಿ ಭೋಗನಂದೀಶ್ವರ, ನೆತ್ತಿಯಲ್ಲಿ ಯೋಗನಂದೀಶ್ವರ. ಇವಿಷ್ಟನ್ನು ಯಾವ ಕೈಪಿಡಿಯಾದರೂ ಹೇಳುತ್ತದೆ. ಹಕ್ಕಿಗಳಿಗೆ ಇದು ಬೇರೆಯೇ ಲೆಕ್ಕ. ಸುತ್ತ ಕಣ್ಣು ಹಾಯುವಷ್ಟು ದೂರ ಒಣ ಬಯಲು, ದ್ರಾಕ್ಷಿ ತೋಟ, ಬೋಳು ಬಂಡೆ. ನಡುವೆ ಈ ನೆತ್ತಿಯ ಮೇಲೆ ಮಾತ್ರ ಮಂಜನ್ನು ಕುಡಿದು ಬೆಳೆದ ದಟ್ಟ ಮರಗಳು, ಕಾಂಡದ ಮೇಲೆ ಪಾಚಿ, ಜರಿಗಿಡ. ಬಯಲ ಕಡಲಿನಲ್ಲಿ ಒಂದು ಹಸಿರು ದ್ವೀಪ ಎನ್ನಿ. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಅಷ್ಟು ದೂರದ ಈ ಬೆಟ್ಟದಲ್ಲಿ ಕಾಣಿಸಿಕೊಂಡು ಪಕ್ಷಿತಜ್ಞರನ್ನು ಬೆರಗುಗೊಳಿಸಿದ್ದುಂಟು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಹಳದಿಗಂಟಲ ಪಿಕಳಾರಕ್ಕೂ ನಂದಿ ಪ್ರಸಿದ್ಧ ತಾಣ.

ಬಳಗದ ಮುಂದಾಳು ನಿವೃತ್ತ ಜೀವಶಾಸ್ತ್ರ ಅಧ್ಯಾಪಕರು. ಅವರಲ್ಲಿ ಓದದವರಿಗೂ ಅವರು ಮೇಷ್ಟ್ರೇ. ತಂಡದಲ್ಲಿ ಎಂಜಿನಿಯರಿಂಗ್ ಓದುವ ಹುಡುಗರು ನಾಲ್ವರು, ಬ್ಯಾಂಕ್ ನೌಕರರು, ಎಂಟನೆಯ ತರಗತಿಯ ಮಗನೊಡನೆ ಬಂದ ಒಬ್ಬ ತಂದೆ, ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ ಒಬ್ಬಳು ಹುಡುಗಿ ಮತ್ತು ಅವಳ ತಾಯಿ. ತಾಯಿಗೆ ಹಕ್ಕಿಗಳಲ್ಲಿ ಅಂಥ ಆಸಕ್ತಿಯಿರಲಿಲ್ಲ. ಸಿಇಟಿಗೆ ಮೂರು ವಾರವಿರುವಾಗ ಮಗಳು ಎರಡು ದಿನ ಮರ ನೋಡಲು ಹೋಗುತ್ತೇನೆಂದರೆ ಯಾವ ತಾಯಿ ತಾನೇ ನಿಶ್ಚಿಂತೆಯಿಂದ ಇದ್ದಾರು? ಭೌತಶಾಸ್ತ್ರದ ಪುಸ್ತಕ ಚೀಲದಲ್ಲಿರಬೇಕು, ತಾನೂ ಜೊತೆಗಿರುತ್ತೇನೆ ಎಂಬ ಎರಡು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು.

ಮೇಷ್ಟ್ರು ಆರಂಭದಲ್ಲೇ ಒಂದು ಮಾತು ಹೇಳಿದರು: "ಉಲಿಯಕ್ಕಿಗೆ ಕಣ್ಣಿಗಿಂತ ಕಿವಿ ಮುಖ್ಯ. ದುರ್ಬೀನು ಕೆಳಗಿಳಿಸಿ, ಐದು ನಿಮಿಷ ಸುಮ್ಮನೆ ಕೇಳಿ." ಇದು ಹಳೆಯ ಪಾಠ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ಎಲ್ಲರೂ ಒಂದೇ ಎಂದುಕೊಂಡಿದ್ದ ಅಲ್ಲಿಯ ಎಲೆ ಉಲಿಯಕ್ಕಿಗಳಲ್ಲಿ ಮೂರು ಜಾತಿಗಳಿವೆಯೆಂದು 1768ರಲ್ಲಿಯೇ ಬೇರ್ಪಡಿಸಿದ್ದು ಮುಖ್ಯವಾಗಿ ಅವುಗಳ ದನಿಯಿಂದ.

ನಂದಿಯಲ್ಲೂ ಕಿವಿಗೆ ಕೆಲಸವಿತ್ತು. ಅಮೃತ ಸರೋವರದ ಕಡೆಯ ನೆರಳಿನಿಂದ ಸ್ಪಷ್ಟವಾದ ಎರಡು ಸ್ವರದ ಸಿಳ್ಳೆ ಬಂತು, ಎರಡನೆಯ ಸ್ವರ ಏರುದನಿಯಲ್ಲಿ. ಅದು ದಪ್ಪ ಕೊಕ್ಕಿನ ಎಲೆ ಉಲಿಯಕ್ಕಿ. ಕೋಟೆಯ ಗೋಡೆಯ ಬಳಿ ಬಂಡೆಯ ಮೇಲೆ ಇಲಿಮರಿಯಂತೆ ತೆವಳುತ್ತ ಹೋದದ್ದು ಗಂಧಕದ ಬಣ್ಣದ ಹೊಟ್ಟೆಯ ಇನ್ನೊಂದು ಜಾತಿ. ಎಲೆಯನ್ನು ಬಿಟ್ಟು ಕಲ್ಲನ್ನು ನೆಚ್ಚಿಕೊಂಡ ಎಲೆ ಉಲಿಯಕ್ಕಿ! ಮರದ ತುತ್ತತುದಿಯಲ್ಲಿ ಬೆಳ್ಗಣ್ಣಗಳ ಗುಂಪಿನೊಡನೆ ಸಾಗಿದ್ದರ ನೆತ್ತಿಯ ಮೇಲೆ ಪಟ್ಟೆಯಿತ್ತು. ಉಳಿದಂತೆ ಎಲ್ಲೆಲ್ಲೂ 'ಚಿ-ವೀ, ಚಿ-ವೀ' ಎಂಬ ಚುರುಕು ಕೂಗು. ಇಂಗ್ಲಿಷರು ಗ್ರೀನಿಶ್ ವಾರ್ಬ್ಲರ್ ಎಂದು ಕರೆದ, ಕನ್ನಡದಲ್ಲಿ ಹಸಿರು ಎಲೆ ಉಲಿಯಕ್ಕಿ ಎನ್ನಬಹುದಾದ ಹಕ್ಕಿ ಅದು. ರೆಕ್ಕೆಯ ಮೇಲೊಂದು ಸಣ್ಣ ತಿಳಿ ಪಟ್ಟಿ ಅದರ ಗುರುತು.

ನೇರಳೆ ಮರದ ಹಕ್ಕಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅದನ್ನು ಮೊದಲು ಕಂಡದ್ದು ಪಿಯುಸಿ ಹುಡುಗಿ. ಇಪ್ಪತ್ತು ನಿಮಿಷ ಅದನ್ನೇ ಹಿಂಬಾಲಿಸಿದಳು. ರೆಕ್ಕೆಯಲ್ಲಿ ಪಟ್ಟಿಯಿಲ್ಲ, ಕೊಕ್ಕು ತೆಳ್ಳಗೆ ಉದ್ದಕ್ಕಿದ್ದಂತೆ ಕಂಡಿತು. ಅವಳ ಎದೆ ಬಡಿದುಕೊಳ್ಳತೊಡಗಿತು. ಪುಸ್ತಕದ ಪ್ರಕಾರ ಇದು ಟೈಟ್ಲರ್ ಎಲೆ ಉಲಿಯಕ್ಕಿ ಇರಬೇಕು! ಕಾಶ್ಮೀರ ಮತ್ತು ಅದರಾಚೆಯ ಬೆಟ್ಟಗಳಲ್ಲಿ ಮಾತ್ರ ಗೂಡು ಕಟ್ಟುವ, ಪಶ್ಚಿಮ ಘಟ್ಟಗಳಲ್ಲಿ ಚಳಿಗಾಲ ಕಳೆಯುವ, ಬೆಂಗಳೂರಿನ ಸುತ್ತ ಅಪರೂಪವಾದ ಹಕ್ಕಿ.

ಸಮೀಪದಲ್ಲಿ ಕಸ ಗುಡಿಸುತ್ತಿದ್ದ ತೋಟದ ಮಾಲಿಗೆ ಇವರ ಸಂಭ್ರಮ ಕಂಡು ನಗು. "ಅದಾ ಸೋಮಿ? ಚಳಿಗಾಲದಾಗೆಲ್ಲ ಇದೇ ಮರದಾಗೇ ಇತ್ತು. ಇನ್ನೊಂದು ಹಿಂಗೇ ಇರೋದು ಬಂದ್ರೆ ಅಟ್ಟಿಸ್ಕೊಂಡು ಓಗ್ತದೆ. ಇನ್ನೇನು, ಬಿಸಿಲು ಏರಿದ್ರೆ ಇರಲ್ಲ" ಎಂದ.

ಮಾಲಿ ಹೇಳಿದ್ದನ್ನೇ ವಿಜ್ಞಾನಿಗಳೂ ಬರೆದಿದ್ದಾರೆ. ಟ್ರೆವರ್ ಪ್ರೈಸ್ ಅವರು ಆಂಧ್ರದ ಪೂರ್ವ ಘಟ್ಟದಲ್ಲಿ ಹಸಿರು ಎಲೆ ಉಲಿಯಕ್ಕಿಗಳ ಚಳಿಗಾಲದ ಬದುಕನ್ನು ಅಭ್ಯಸಿಸಿ 1981ರಲ್ಲಿ ಪ್ರಬಂಧ ಪ್ರಕಟಿಸಿದರು. ಗೂಡಿಲ್ಲದ, ಮರಿಗಳಿಲ್ಲದ ಈ ಕಾಲದಲ್ಲೂ ಒಂದೊಂದು ಹಕ್ಕಿ ತನ್ನದೇ ಒಂದು ತುಂಡು ಕಾಡನ್ನು ಹಿಡಿದು, ಕೂಗಿ, ಹಾಡಿ ಕಾಯ್ದುಕೊಳ್ಳುತ್ತದೆ. ಹಿಮಾಲಯದಾಚೆಗೆ ಹೋಗಿ ಬಂದ ಹಕ್ಕಿ ಮರುವರ್ಷ ಅದೇ ಜಾಗಕ್ಕೆ ಮರಳುವುದೂ ಉಂಟು. ಊರಲ್ಲಿ ಒಂದು ಮನೆ, ಬೆಂಗಳೂರಲ್ಲಿ ಒಂದು ಬಾಡಿಗೆ ಕೋಣೆ ಇದ್ದಂತೆ.

ರಾತ್ರಿ ಸರ್ಕಾರಿ ಅತಿಥಿಗೃಹದ ಜಗುಲಿಯಲ್ಲಿ ದಿನದ ಪಟ್ಟಿ ಓದುವ ಕಾರ್ಯಕ್ರಮ. ಚಿತ್ರಾನ್ನ, ಮೊಸರನ್ನ ಮುಗಿದು ಹುರಿದ ಕಡಲೆಕಾಯಿ ಬೀಜದ ಬಟ್ಟಲು ಸುತ್ತು ಬರುತ್ತಿತ್ತು. ಕುಟ್ರ, ಪಿಕಳಾರ, ರಾಜಹಕ್ಕಿ ಎಲ್ಲ ಸರಾಗವಾಗಿ ದಾಟಿದವು. ಹುಡುಗಿ ಎದ್ದು ನಿಂತು, "ಟೈಟ್ಲರ್, ಒಂದು" ಎಂದಳು.

ಮೇಷ್ಟ್ರು ಪೆನ್ನು ಎತ್ತಲಿಲ್ಲ. "ಕೂಗಿತಾ?"

"ಇಲ್ಲ ಸರ್. ಆದರೆ ರೆಕ್ಕೆಪಟ್ಟಿ ಇರಲಿಲ್ಲ. ಸರಿಯಾಗಿ ನೋಡಿದೆ."

"ನೋಡಿದ್ದು ಸರಿ ಇರಬಹುದಮ್ಮ. ಆದರೆ ಇದು ಮಾರ್ಚ್ ತಿಂಗಳು. ಹಳೇ ಗರಿ ಸವೆದರೆ ಹಸಿರು ಉಲಿಯಕ್ಕಿಯ ಪಟ್ಟಿಯೂ ಅಳಿಸಿಹೋಗುತ್ತೆ. ಕೂಗು ಕೇಳದೆ ಬರೆಯೋದು ಬೇಡ." ಹೀಗೆಂದು 'ಎಲೆ ಉಲಿಯಕ್ಕಿ, ಜಾತಿ ತಿಳಿಯದು: 1' ಎಂದು ಬರೆದುಬಿಟ್ಟರು.

ಹುಡುಗಿಯ ಮುಖ ಸಪ್ಪಗಾಯಿತು. ಬಳಗದ ಪಟ್ಟಿ ಅಂತರ್ಜಾಲದ ಇ-ಬರ್ಡ್‌ಗೆ ಸೇರುತ್ತದೆ. ದೇಶವಿದೇಶಗಳ ಸಂಶೋಧಕರು ಅದನ್ನು ಬಳಸುತ್ತಾರೆ. ಅಲ್ಲಿ ತನ್ನದೊಂದು ಅಪರೂಪದ ಹಕ್ಕಿ ಇರಬೇಕೆಂದು ಹದಿನೆಂಟರ ಹುಡುಗಿ ಬಯಸಿದರೆ ಅದು ಅಪರಾಧವೇನಲ್ಲ. ಆದರೆ ಆ ಪಟ್ಟಿಯನ್ನು ನಂಬಿ ಇನ್ನೊಬ್ಬರು ನಕ್ಷೆ ಬರೆಯುತ್ತಾರೆ. ಮೇಷ್ಟ್ರ ಬಿಗುವಿಗೆ ಅದೇ ಕಾರಣ. ತಾಯಿ ಮಾತ್ರ, ಅಷ್ಟು ಹೊತ್ತು ನಿಂತು ನೋಡಿದ ಮಗುವಿಗೆ ಒಂದು ಹಕ್ಕಿ ಕೊಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಂಡರಂತೆ.

ಸಮಾಧಾನ ಮಾಡಲೆಂಬಂತೆ ಮೇಷ್ಟ್ರು ಒಂದು ಊಟದ ತಟ್ಟೆಯನ್ನು ಬೋರಲು ಹಾಕಿದರು. "ಇದು ಟಿಬೆಟ್ ಪ್ರಸ್ಥಭೂಮಿ. ಮರವಿಲ್ಲ, ಉಲಿಯಕ್ಕಿಗೆ ಇಲ್ಲಿ ಬದುಕಿಲ್ಲ." ತಟ್ಟೆಯ ಕೆಳಅಂಚಿನಲ್ಲಿ ಒಂದು ಕಡಲೆಬೀಜ ಇಟ್ಟರು. ಅದು ಹಿಮಾಲಯದ ಹಸಿರು ಉಲಿಯಕ್ಕಿ. ಅಲ್ಲಿಂದ ಎಡಕ್ಕೆ ಕಾಶ್ಮೀರ, ಮಧ್ಯ ಏಷ್ಯಾ ದಾಟಿ ಸೈಬೀರಿಯದವರೆಗೆ ಒಂದು ಸಾಲು. ಬಲಕ್ಕೆ ಚೀನಾ ಹಾದು ಸೈಬೀರಿಯದವರೆಗೆ ಇನ್ನೊಂದು ಸಾಲು. ಅಕ್ಕಪಕ್ಕದ ಬೀಜಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹಾಡು ಮಾತ್ರ ಉತ್ತರಕ್ಕೆ ಹೋದಂತೆಲ್ಲ ಎರಡೂ ಕಡೆ ಉದ್ದವಾಗುತ್ತದೆ, ಜಟಿಲವಾಗುತ್ತದೆ, ಆದರೆ ಬೇರೆ ಬೇರೆ ರೀತಿಯಲ್ಲಿ. ತಟ್ಟೆಯ ಮೇಲ್ತುದಿಯಲ್ಲಿ, ಮಧ್ಯ ಸೈಬೀರಿಯದ ಕಾಡಿನಲ್ಲಿ ಎರಡು ಸಾಲುಗಳೂ ಎದುರಾದಾಗ ಒಂದರ ಹಾಡು ಇನ್ನೊಂದಕ್ಕೆ ತಿಳಿಯುವುದೇ ಇಲ್ಲ. ದಾಯಾದಿಗಳು ಪರಕೀಯರಾಗಿಬಿಟ್ಟಿದ್ದಾರೆ, ಹೆಣ್ಣು ಗಂಡಿನ ಸಂಬಂಧ ಬೆಳೆಯುವುದಿಲ್ಲ. ಒಂದು ಜಾತಿ ಎರಡಾಗುವುದು ಹೇಗೆಂಬ ಪ್ರಶ್ನೆಗೆ ಜೀವಂತ ಉತ್ತರ.

ಕ್ಲಾಡ್ ಟೈಸ್‌ಹರ್ಸ್ಟ್ 1938ರಲ್ಲಿ ಇದನ್ನು ಊಹಿಸಿದ್ದರು. ಡ್ಯಾರೆನ್ ಇರ್ವಿನ್, ಸ್ಟಾಫನ್ ಬೆನ್ಶ್ ಮತ್ತು ಅದೇ ಟ್ರೆವರ್ ಪ್ರೈಸ್ 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಹಾಡು ಮತ್ತು ವಂಶವಾಹಿಗಳ ಸಾಕ್ಷ್ಯ ಒದಗಿಸಿದರು. ಹಿಂದೊಮ್ಮೆ ಈ ವರ್ತುಲ ಅಲ್ಲಲ್ಲಿ ಕಡಿದಿದ್ದುದೂ ಉಂಟು, ಕಥೆ ಅಷ್ಟು ಸರಳವಲ್ಲ ಎಂದು 2014ರ ಇನ್ನೊಂದು ಅಧ್ಯಯನ ತಿದ್ದುಪಡಿ ಹಾಕಿತು.

ಅಷ್ಟರಲ್ಲಿ ಬಲಸಾಲಿನ ನಾಲ್ಕಾರು ಬೀಜಗಳು ಮಾಯವಾಗಿದ್ದವು. ಎಂಟನೆಯ ತರಗತಿಯ ಹುಡುಗನ ಬಾಯಿ ಆಡುತ್ತಿತ್ತು. ತಂದೆ ಗದರಿಸಹೋದರೆ ಮೇಷ್ಟ್ರು ನಕ್ಕುಬಿಟ್ಟರು: "ಬಿಡಿ, ಉತ್ತರ ಚೀನಾದಲ್ಲಿ ನಿಜವಾಗಿಯೂ ಖಾಲಿಯಿದೆ. ಅಲ್ಲಿ ಕಾಡು ಕಡಿದದ್ದೇ ಕಾರಣ ಅಂತಾರೆ."

ಭಾನುವಾರ ಬೆಳಗಿನ ಐದೂಮುಕ್ಕಾಲಿಗೇ ಎಲ್ಲರೂ ಹೊರಗಿದ್ದರು. ಪ್ರವಾಸಿಗಳ ಮೊದಲ ವಾಹನ ಬರುವ ಮುಂಚಿನ ನಂದಿ ಬೇರೆಯೇ ಊರು. ಮಂಜು ಮರದಿಂದ ಮರಕ್ಕೆ ಹರಿಯುತ್ತಿತ್ತು, ಎಲೆಗಳಿಂದ ಮಳೆಯಂತೆ ಹನಿ ತೊಟ್ಟಿಕ್ಕುತ್ತಿತ್ತು. ಹುಡುಗಿ ಯಾರಿಗೂ ಹೇಳದೆ ನೇರಳೆ ಮರದ ಕೆಳಗೆ ಹೋಗಿ ಕುಳಿತಳು. ಹಕ್ಕಿ ಅಲ್ಲೇ ಇತ್ತು. ಎಲೆಯಿಂದ ಎಲೆಗೆ, ಹುಳುವಿನಿಂದ ಹುಳುವಿಗೆ, ಬಿಡುವಿಲ್ಲದ ದುಡಿಮೆ. ಕೂಗು ಮಾತ್ರ ಇಲ್ಲ. ಅರ್ಧ ಗಂಟೆ ಕಳೆಯಿತು.

ಎಂಜಿನಿಯರಿಂಗ್ ಹುಡುಗರಲ್ಲಿ ಒಬ್ಬ ಬಂದು ಪಕ್ಕದಲ್ಲಿ ನಿಂತ. ಅವನಿಗೆ ಹಿಂದಿನ ರಾತ್ರಿಯ ತೀರ್ಪು ಸರಿಯೆನಿಸಿರಲಿಲ್ಲ. ಜೇಬಿನಿಂದ ಮೊಬೈಲು ತೆಗೆದು, "ಹಸಿರು ಉಲಿಯಕ್ಕಿಯ ಕೂಗು ಇದರಲ್ಲಿದೆ. ಹಾಕಿದರೆ ಉತ್ತರ ಕೊಡುತ್ತೆ. ಗೊತ್ತಾಗಿಹೋಗುತ್ತೆ" ಎಂದ. ಹುಡುಗಿ ಬೇಡವೆನ್ನಲಿಲ್ಲ, ಹಾಕೆಂದೂ ಹೇಳಲಿಲ್ಲ.

'ಚಿ-ವೀ' ಎಂದಿತು ಮೊಬೈಲು.

ಹಕ್ಕಿ ಬೆಚ್ಚಿ ಬಿದ್ದಂತೆ ತಲೆಯೆತ್ತಿತು. ಮರುಕ್ಷಣ ಕೊಂಬೆಯಿಂದ ಕೊಂಬೆಗೆ ಧುಮುಕುತ್ತ ಅವರ ತಲೆಯಿಂದ ನಾಲ್ಕಡಿ ದೂರಕ್ಕೆ ಬಂತು. ರೆಕ್ಕೆ ಅದುರಿಸುತ್ತ, ಅತ್ತಿತ್ತ ತಿರುಗುತ್ತ, 'ಚಿ-ವೀ! ಚಿ-ವೀ!' ಎಂದು ಕೂಗತೊಡಗಿತು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಟೈಟ್ಲರ್ ಅಲ್ಲ. ಬಲರೆಕ್ಕೆಯ ಮೇಲೆ, ಬೆಳಕು ಬಿದ್ದಾಗ, ದಾರದೆಳೆಯಷ್ಟು ಪಟ್ಟಿಯೂ ಉಳಿದಿತ್ತು.

ದನಿ ಕೇಳಿ ಮೇಷ್ಟ್ರು ಓಡೋಡಿ ಬಂದರು. "ನಿಲ್ಲಿಸಪ್ಪ ಅದನ್ನ!"

"ಒಂದೇ ನಿಮಿಷ ಸರ್."

"ನೀನು ಒಂದೇ ನಿಮಿಷ, ನಾಳೆ ಬರೋರು ಒಂದೇ ನಿಮಿಷ. ಅದು ಇಡೀ ದಿನ ಇಲ್ಲದ ಶತ್ರುವನ್ನು ಹುಡುಕುತ್ತಾ ಕೂರಬೇಕೇನು?"

ಹುಡುಗ ಸುಮ್ಮನಾಗಲಿಲ್ಲ. "ಸೈಬೀರಿಯದಲ್ಲಿ ಒಂದರ ಹಾಡು ಇನ್ನೊಂದಕ್ಕೆ ತಿಳಿಯಲ್ಲ ಅಂತ ಕಂಡುಹಿಡಿದದ್ದು ಹೇಗೆ ಸರ್? ಧ್ವನಿಮುದ್ರಿಕೆ ಹಾಕಿಯೇ ಅಲ್ಲವೇ?"

ಮೇಷ್ಟ್ರು ತಕ್ಷಣ ಉತ್ತರಿಸಲಿಲ್ಲ. ಮಾತು ನಿಜ. ಇಂಥ ಪ್ರಯೋಗಗಳಿಂದಲೇ ಆ ವಿಷಯ ಗೊತ್ತಾದದ್ದು. "ಹೌದು" ಎಂದರು ಕೊನೆಗೆ. "ಅವರು ಎಷ್ಟು ಸಲ ಹಾಕಿದೆವು, ಹಕ್ಕಿ ಏನು ಮಾಡಿತು ಅಂತ ಬರೆದಿಟ್ಟರು. ನೀನೂ ಬರಿ ಹಾಗಾದರೆ. ಕೂಗಿದ್ದು ಮಾತ್ರ ಅಲ್ಲ, ಇನ್ನು ಮೇಲೆ ಏನು ಮಾಡುತ್ತೋ ಅದನ್ನೂ."

ಮೊಬೈಲು ಜೇಬು ಸೇರಿತು. ಮೂವರೂ ಹಿಂದೆ ಸರಿದು ನಿಂತರು. ಹುಡುಗಿ ಗಡಿಯಾರ ನೋಡಿಕೊಂಡಳು. ಹಕ್ಕಿ ಮರದ ಸುತ್ತ ಹಾರಿತು, ಪಕ್ಕದ ಪೊದೆಗೆ ಹೋಗಿ ಬಂತು, ಮೇಲೇರಿತು, ಮತ್ತೆ ಕೆಳಗಿಳಿಯಿತು. ಕೂಗು ನಿಲ್ಲಲಿಲ್ಲ. ಅಷ್ಟು ಹೊತ್ತೂ ಒಂದು ಹುಳು ಸಹ ಹಿಡಿಯಲಿಲ್ಲ. ಮತ್ತೆ ಎಲೆಯ ಅಡಿಗೆ ಕೊಕ್ಕು ಹಾಕಿದಾಗ ಹನ್ನೊಂದು ನಿಮಿಷ ಕಳೆದಿತ್ತು.

ಕಾಡಿನಲ್ಲಿ ಧ್ವನಿಮುದ್ರಿಕೆ ಹಾಕುವ ಚಟ ಮೊಬೈಲಿನೊಂದಿಗೆ ಎಲ್ಲ ಕಡೆ ಹಬ್ಬಿದೆ, ಛಾಯಾಚಿತ್ರಕಾರರಲ್ಲಂತೂ ಹೇಳುವುದೇ ಬೇಡ. ಒಂದು ಸಲ ಹಾಕಿದ್ದರಿಂದ ಹಕ್ಕಿ ಸತ್ತುಹೋಗುವುದಿಲ್ಲ, ಅದು ನಿಜ. ಆದರೆ ಸಾವಿರಾರು ಕಿಲೋಮೀಟರು ಹಾರಲು ಹೊರಟ ಎಂಟು ಗ್ರಾಮಿನ ಜೀವಕ್ಕೆ ಈ ದಿನಗಳ ಪ್ರತಿ ಹುಳುವೂ ದಾರಿಯ ಬುತ್ತಿ. ನಂದಿಯಂಥ ಜನಜಂಗುಳಿಯ ಬೆಟ್ಟದಲ್ಲಿ ಅದೇ ಮರದ ಕೆಳಗೆ ದಿನಕ್ಕೆ ಐದಾರು ಮೊಬೈಲು ಕೂಗಿದರೆ ಲೆಕ್ಕ ಬೇರೆಯಾಗುತ್ತದೆ. ಹುಡುಗನ ಪ್ರಶ್ನೆ ಒಳ್ಳೆಯದೇ. ಇನ್ನೂ ಒಂದು ಗಂಟೆ ಕಾದಿದ್ದರೆ ಉತ್ತರ ಪುಕ್ಕಟೆಯಾಗಿ ಸಿಗುತ್ತಿತ್ತೇನೋ.

ಉಪ್ಪಿಟ್ಟು, ಕಾಫಿಯ ಹೊತ್ತಿಗೆ ಪಟ್ಟಿ ತಿದ್ದುವ ಕೆಲಸ ಬಂತು. ಈ ಸಲ ಮೇಷ್ಟ್ರು ಪೆನ್ನನ್ನು ಹುಡುಗಿಯ ಕೈಗೇ ಕೊಟ್ಟರು. ಅವಳು 'ಜಾತಿ ತಿಳಿಯದು' ಎಂಬುದನ್ನು ಹೊಡೆದು ಹಾಕಿ, 'ಹಸಿರು ಎಲೆ ಉಲಿಯಕ್ಕಿ: 1. ಧ್ವನಿಮುದ್ರಿಕೆಗೆ ಉತ್ತರಿಸಿದ್ದು. ಹನ್ನೊಂದು ನಿಮಿಷ ಆಹಾರ ಬಿಟ್ಟಿತು' ಎಂದು ಬರೆದಳು. ಮೊಬೈಲಿನ ಹುಡುಗ ಅದನ್ನು ಓದಿ ಏನೂ ಹೇಳಲಿಲ್ಲ. ಇಳಿಯುವಾಗ ಟೆಂಪೋದ ಹಿಂದಿನ ಸೀಟಿನಲ್ಲಿ ಅವನೂ ಮೇಷ್ಟ್ರೂ ಹಾಡುಗಳನ್ನು ರೇಖಾಚಿತ್ರವಾಗಿ ತೋರಿಸುವ ತಂತ್ರಾಂಶದ ಬಗ್ಗೆ ದೇವನಹಳ್ಳಿಯವರೆಗೂ ವಾದಿಸುತ್ತಿದ್ದರು. ಭೌತಶಾಸ್ತ್ರದ ಪುಸ್ತಕ ಚೀಲದಿಂದ ಹೊರಬರಲಿಲ್ಲವೆಂಬುದನ್ನು ತಾಯಿ ಗಮನಿಸಿದ್ದರು, ಆದರೆ ಆಡಲಿಲ್ಲ.

ಸಿಇಟಿ ಮುಗಿದ ಮಾರನೆಯ ಬೆಳಗ್ಗೆ ತಾಯಿಯೂ ಮಗಳೂ ಸರ್ಕಾರಿ ಬಸ್ಸು ಹಿಡಿದು ನಂದಿಗೆ ಹೋದರು. ಏಪ್ರಿಲ್ ಅರ್ಧ ಕಳೆದಿತ್ತು. ಮಂಜಿರಲಿಲ್ಲ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದಪ್ಪ ಕೊಕ್ಕಿನ ಹಕ್ಕಿಯ ಸಿಳ್ಳೆ ಸರೋವರದ ಕಡೆಯಿಂದ ಬರಲಿಲ್ಲ, ಅದು ಹೊರಟುಹೋಗಿರಬೇಕು. ನೇರಳೆ ಮರದ ಕೆಳಗೆ ಇಬ್ಬರೂ ಸುಮ್ಮನೆ ಕುಳಿತರು. ದುರ್ಬೀನು ಮಗಳ ಮಡಿಲಲ್ಲೇ ಇತ್ತು. ಮುಕ್ಕಾಲು ಗಂಟೆ ಏನೂ ಇಲ್ಲ. ಮಂಗವೊಂದು ಬಂದು ತಿಂಡಿಯ ಚೀಲವನ್ನು ಪರೀಕ್ಷಿಸಿ ಹೋಯಿತು.

ಮಗಳು ಏಳಲು ಹೊರಟಾಗ ತಾಯಿ ಅವಳ ಮೊಣಕೈ ಹಿಡಿದು ಕೂರಿಸಿದರು.

"ತಾಳು. ಆ ಮೇಲಿನ ಕೊಂಬೆ ಕಡೆಯಿಂದ... ಕೇಳಿಸ್ತಾ?"